ಬೋರ್ಡು ಇಳಿಸುವ ಮೊದಲು: ವಕೀಲಿ ಕಚೇರಿ ಮುಚ್ಚುವವರಿಗೊಂದು ಮಾರ್ಗದರ್ಶಿ

ವಕೀಲರಿಗೆ ನಿವೃತ್ತಿ ವಯಸ್ಸಿಲ್ಲ. ಅರವತ್ತಾಯಿತು ಅಂತ ಯಾರೂ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದಿಲ್ಲ. ಹಾಗಾಗಿ ನಮ್ಮ ತಾಲ್ಲೂಕು, ಜಿಲ್ಲಾ ಕೋರ್ಟುಗಳ ಸುತ್ತ ಎಷ್ಟೋ ಕಚೇರಿಗಳನ್ನು ಯಾರೂ ಮುಚ್ಚುವುದಿಲ್ಲ, ಅವು ತಾವಾಗಿಯೇ ನಿಂತುಹೋಗುತ್ತವೆ. ಮಂಡಿ ನೋವು ಶುರುವಾಗಿ ಮಹಡಿ ಹತ್ತಲಾಗುವುದಿಲ್ಲ. ಜೂನಿಯರ್ ಬೇರೆ ಕಚೇರಿ ಮಾಡಿಕೊಳ್ಳುತ್ತಾನೆ. ಮಗಳು ಊರು ಬಿಟ್ಟು ಬಂದು ನಮ್ಮ ಜೊತೆಗಿರಿ ಅನ್ನುತ್ತಾಳೆ. ಬಾಗಿಲು ಹಾಕುತ್ತದೆ, ಆದರೆ ಕಾಸ್‌ಲಿಸ್ಟಿನಲ್ಲಿ (ಕೋರ್ಟಿನ ದಿನದ ಕೇಸುಗಳ ಪಟ್ಟಿಯಲ್ಲಿ) ಹೆಸರು ಬರುತ್ತಲೇ ಇರುತ್ತದೆ.

ತೊಂದರೆ ಆಗುವುದು ಅಲ್ಲೇ. ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) ಆರ್ಡರ್ 3, ರೂಲ್ 4ರ ಪ್ರಕಾರ ಒಮ್ಮೆ ಹಾಕಿದ ವಕಾಲತ್ತು, ಅಂದರೆ ಕೇಸು ನಡೆಸಲು ಕಕ್ಷಿದಾರರು ವಕೀಲರಿಗೆ ಸಹಿ ಮಾಡಿ ಕೊಟ್ಟ ಅಧಿಕಾರಪತ್ರ, ಕೇಸಿನ ನಡಾವಳಿ ಪೂರ್ತಿ ಮುಗಿಯುವವರೆಗೆ ಜಾರಿಯಲ್ಲಿರುತ್ತದೆ. ನಡುವೆ ಅದು ಕೊನೆಯಾಗಬೇಕಾದರೆ ಕಕ್ಷಿದಾರರೋ ವಕೀಲರೋ ತೀರಿಕೊಂಡಿರಬೇಕು. ಇಲ್ಲವೇ ಲಿಖಿತ ಅರ್ಜಿ ಹಾಕಿ ಕೋರ್ಟಿನ ಅನುಮತಿ ಪಡೆದಿರಬೇಕು. ಅದಕ್ಕೆ ಅಂಟಿಕೊಂಡಂತೆ ರೂಲ್ 5 ಇದೆ. ವಕೀಲರಿಗೆ ಕೊಟ್ಟ ನೋಟಿಸು ಕಕ್ಷಿದಾರರಿಗೇ ತಲುಪಿದಂತೆ. ನೀವು ಬೆಂಗಳೂರಿನ ಮಗಳ ಮನೆಯಲ್ಲಿ ಕಾಫಿ ಕುಡಿಯುತ್ತಿರುವಾಗ, ನಿಮ್ಮ ಹಳೆಯ ಕಚೇರಿಗೆ ಹೋದ ಒಂದು ನೋಟಿಸಿನಿಂದ ಯಾರದೋ ಜಮೀನಿನ ದಾವೆ ಏಕಪಕ್ಷೀಯವಾಗಿ ಮುಗಿದುಹೋಗಬಹುದು.

ಆದ್ದರಿಂದ ಕಚೇರಿ ಮುಚ್ಚುವುದು ಎಂದರೆ ಒಂದೊಂದೇ ವಕಾಲತ್ತನ್ನು ಕ್ರಮವಾಗಿ ಮುಗಿಸುವುದು. ಬಾಡಿಗೆ, ಬೀರು, ಬೋರ್ಡು ಎಲ್ಲ ಆಮೇಲೆ. ವಯಸ್ಸಾಗಿ ಬಿಡುವವರಿಗೂ, ಜಡ್ಜ್ ಆಗಿ ಆಯ್ಕೆಯಾದವರಿಗೂ, ಕಂಪನಿ ಕೆಲಸಕ್ಕೆ ಹೋಗುವವರಿಗೂ ಈ ಕ್ರಮ ಒಂದೇ. ಜಡ್ಜ್ ಆದವರಿಗೆ ಸಮಯ ಕಡಿಮೆ ಸಿಗುತ್ತದೆ, ಅಷ್ಟೇ.

1. ತಾರೀಖು ಗೊತ್ತುಮಾಡಿ

'ನಿಧಾನಕ್ಕೆ ಬಿಡ್ತೀನಿ' ಅನ್ನುವ ಮಾತು ಹತ್ತು ವರ್ಷ ಎಳೆಯುತ್ತದೆ. ಕ್ಯಾಲೆಂಡರ್ ನೋಡಿ ಒಂದು ದಿನ ಗುರುತು ಹಾಕಿ. ಮಧ್ಯಮ ಗಾತ್ರದ ಕಚೇರಿಗೆ ಒಂದು ವರ್ಷ ಬೇಕು ಎಂದು ನನ್ನ ಅಂದಾಜು. ಬೇಸಿಗೆ ರಜೆಗೆ ಮುಂಚಿನ ದಿನ ಒಳ್ಳೆಯದು. ರಜೆಯಲ್ಲಿ ಹೊಸ ವಕೀಲರಿಗೆ ಫೈಲು ಓದಲು ಸಮಯ ಸಿಗುತ್ತದೆ.

ಅಂದಿನಿಂದಲೇ ಹೊಸ ಕೇಸು ನಿಲ್ಲಿಸಿ. ಇದು ಹೇಳುವಷ್ಟು ಸುಲಭವಲ್ಲ, ನೆಂಟರ ಕೇಸು ಬಂದೇ ಬರುತ್ತದೆ. 'ಬರೀ ಒಂದು ನೋಟಿಸು ಕಳಿಸಿ ಸಾರ್, ಅಷ್ಟೇ ಸಾಕು' ಅನ್ನುತ್ತಾರೆ. ಆ ನೋಟಿಸಿಗೆ ಉತ್ತರ ಬರುವುದು ನಿಮ್ಮ ವಿಳಾಸಕ್ಕೇ ಅಲ್ವಾ? ಅಲ್ಲಿಂದ ದಾವೆ, ದಾವೆಯಿಂದ ಐ.ಎ. (ಮಧ್ಯಂತರ ಅರ್ಜಿ). ಬೇಡ.

2. ನಿಮ್ಮ ಹೆಸರು ಎಲ್ಲೆಲ್ಲಿದೆ ಎಂದು ಹುಡುಕಿ

ಡೈರಿಯೊಂದನ್ನೇ ನಂಬಬೇಡಿ. ಈ-ಕೋರ್ಟ್ಸ್ ತಾಣದಲ್ಲಿ ವಕೀಲರ ಹೆಸರು ಅಥವಾ ಬಾರ್ ನೋಂದಣಿ ಸಂಖ್ಯೆ ಹಾಕಿ ಹುಡುಕಬಹುದು. ಎರಡನ್ನೂ ಹಾಕಿ ನೋಡಿ. ಹೆಸರಿನ ಸ್ಪೆಲ್ಲಿಂಗ್ ಒಂದೊಂದು ಕೋರ್ಟಿನಲ್ಲಿ ಒಂದೊಂದು ತರಹ ಇರುತ್ತದೆ. ಇನಿಶಿಯಲ್ ಹಿಂದೆ ಮುಂದೆ ಆಗಿರುತ್ತದೆ. ಡೈರಿಯಿಂದ ಜಾರಿಹೋದ ಕೇಸುಗಳು, ತಡೆಯಾಜ್ಞೆಯಿಂದಾಗಿ ವರ್ಷಗಟ್ಟಲೆ ಮಲಗಿರುವ ದಾವೆಗಳು ಹೀಗೆ ಸಿಗುತ್ತವೆ.

ಆ ತಾಣದಲ್ಲಿ ಸಿಗದೆ ಹೋಗುವಂಥವು ಬೇರೆ ಇವೆ. ತಹಸೀಲ್ದಾರ್, ಎ.ಸಿ. (ಉಪವಿಭಾಗಾಧಿಕಾರಿ), ಡಿ.ಸಿ. (ಜಿಲ್ಲಾಧಿಕಾರಿ) ಕೋರ್ಟಿನ ಕಂದಾಯ ಪ್ರಕರಣಗಳು. ಗ್ರಾಹಕ ಆಯೋಗದ ದೂರುಗಳು, ಅವಕ್ಕೆ ಬೇರೆ ಪೋರ್ಟಲ್. ನೀವು ಮಧ್ಯಸ್ಥಗಾರರೋ ಕೋರ್ಟ್ ಕಮಿಷನರೋ ಆಗಿ ನೇಮಕಗೊಂಡಿದ್ದು ವರದಿ ಕೊಡದೆ ಉಳಿದಿರುವುದು. ಕಾನೂನು ಸೇವಾ ಪ್ರಾಧಿಕಾರ ನಿಮಗೆ ಒಪ್ಪಿಸಿದ ಕೇಸುಗಳು. ಬ್ಯಾಂಕಿನ ಪ್ಯಾನೆಲ್ ವಕೀಲರಾಗಿದ್ದರೆ ಅಭಿಪ್ರಾಯ ಕೊಡಲು ಬಂದ ಹಕ್ಕುಪತ್ರಗಳು. ಕಳಿಸಿ ಬಿಟ್ಟ ಲೀಗಲ್ ನೋಟಿಸುಗಳು. ಹಾಕಿಟ್ಟ ಕೇವಿಯಟ್‌ಗಳು (ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂದು ಮುಂಚೆಯೇ ಹಾಕುವ ಅರ್ಜಿಗಳು), ಅವು 90 ದಿನ ಮಾತ್ರ ನಡೆಯುತ್ತವೆ.

ಇನ್ನೊಂದು ಸೂಕ್ಷ್ಮ ಇದೆ. ತಾಲ್ಲೂಕು ಕೋರ್ಟಿನ ನಮ್ಮಂಥವರು ಅಪೀಲಿಗೆ ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ ಫೈಲು ಕಳಿಸುತ್ತೇವೆ. ಹೈಕೋರ್ಟಿನಲ್ಲಿ ವಕಾಲತ್ತು ನಮ್ಮದಲ್ಲ, ನಿಜ. ಆದರೆ ಕಕ್ಷಿದಾರರಿಗೆ ಅಲ್ಲಿನ ವಕೀಲರ ಮುಖ ಗೊತ್ತಿಲ್ಲ, ಆ ವಕೀಲರಿಗೆ ಇವರ ಫೋನ್ ನಂಬರ್ ಗೊತ್ತಿಲ್ಲ. ನಡುವಿನ ಸೇತುವೆ ನೀವೊಬ್ಬರೇ. ಪಟ್ಟಿಯಲ್ಲಿ ಈ ಕೇಸುಗಳನ್ನೂ ಸೇರಿಸಿ. ಇಬ್ಬರಿಗೂ ಒಬ್ಬರ ನಂಬರ್ ಇನ್ನೊಬ್ಬರಿಗೆ ಕೊಟ್ಟು, ಒಮ್ಮೆ ಮಾತಾಡಿಸಿ.

ಪಟ್ಟಿ ದೊಡ್ಡ ನೋಟ್‌ಬುಕ್ಕಿನಲ್ಲಿದ್ದರೂ ಸರಿ, ಎಕ್ಸೆಲ್‌ನಲ್ಲಿದ್ದರೂ ಸರಿ. ಕೇಸ್ ನಂಬರ್, ಕೋರ್ಟು, ಕಕ್ಷಿದಾರರ ಈಗಿನ ಫೋನ್, ಹಂತ, ಮುಂದಿನ ತಾರೀಖು, ನಮ್ಮ ಹತ್ತಿರ ಇರುವ ಮೂಲ ದಾಖಲೆ, ದುಡ್ಡಿನ ಬಾಕಿ ಇಷ್ಟು ಕಾಲಂ ಇರಲಿ. ಫೋನ್ ಕಾಲಂ ತುಂಬುವುದೇ ಕಷ್ಟ. ಅರ್ಧಕ್ಕರ್ಧ ನಂಬರುಗಳು ಬದಲಾಗಿರುತ್ತವೆ. ಇಲ್ಲಿ ನಿಮ್ಮ ಗುಮಾಸ್ತರ ನೆನಪು ಯಾವ ಸಾಫ್ಟ್‌ವೇರಿಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

3. ಗಡುವುಗಳನ್ನು ಕೆಂಪು ಶಾಯಿಯಲ್ಲಿ ಬರೆಯಿರಿ

ಮುಂದಿನ ತಾರೀಖು ತಪ್ಪಿದರೆ ಇನ್ನೊಂದು ತಾರೀಖು ಸಿಗಬಹುದು. ಲಿಮಿಟೇಷನ್ (ಕಾನೂನು ಕೊಟ್ಟ ಕಾಲಮಿತಿ) ತಪ್ಪಿದರೆ ಕಕ್ಷಿದಾರರು ವಿಳಂಬ ಮನ್ನಾ ಮಾಡಿ ಎಂದು ಕೈಮುಗಿದು ನಿಲ್ಲಬೇಕು. ಕೆಲವು ಕಡೆ ಅದೂ ಇಲ್ಲ.

ಚೆಕ್ ಬೌನ್ಸ್ ವಿಷಯ ಎಲ್ಲಕ್ಕಿಂತ ಬಿಗಿ. ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸು, ಅದು ತಲುಪಿ 15 ದಿನ ಕಾಯುವುದು, ಆಮೇಲೆ ಒಂದು ತಿಂಗಳೊಳಗೆ ದೂರು. ಕೆಳಕೋರ್ಟಿನ ಸಿವಿಲ್ ಡಿಕ್ರಿಯ (ತೀರ್ಪಿನ ಆದೇಶದ) ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು 30 ದಿನ, ಹೈಕೋರ್ಟಿಗೆ 90 ದಿನ. ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸಲು, ಗೈರುಹಾಜರಿಗೆ ವಜಾ ಆದ ದಾವೆ ಮತ್ತೆ ತೆಗೆಸಲು 30 ದಿನ. ಪಕ್ಷಕಾರರು ತೀರಿಕೊಂಡಿದ್ದರೆ ವಾರಸುದಾರರನ್ನು ಸೇರಿಸಲು 90 ದಿನ. ನಿಮ್ಮ ಕಕ್ಷಿದಾರರೇ ತೀರಿಕೊಂಡದ್ದು ಗೊತ್ತಾದರೆ ಆರ್ಡರ್ 22, ರೂಲ್ 10ಎ ಪ್ರಕಾರ ಅದನ್ನು ಕೋರ್ಟಿಗೆ ತಿಳಿಸುವ ಹೊಣೆ ನಿಮ್ಮದೇ. ಹಳೆಯ ಪಟ್ಟಿ ತೆಗೆದಾಗ ಇಂಥ ಒಂದೆರಡಾದರೂ ಸಿಗುತ್ತವೆ. ಮೋಟಾರು ಅಪಘಾತದ ಪರಿಹಾರ ಅರ್ಜಿಗೆ 2022ರ ಏಪ್ರಿಲ್‌ನಿಂದ ಅಪಘಾತದ ದಿನದಿಂದ ಆರು ತಿಂಗಳ ಮಿತಿ ಬಂದಿದೆ. ಆಸ್ಪತ್ರೆ ಕಾಗದ ತಂದುಕೊಡುತ್ತೇವೆ ಎಂದು ಹೋದವರಿಗೆ ಇವತ್ತೇ ಫೋನ್ ಮಾಡಿ. ಡಿಕ್ರಿ ಜಾರಿಗೆ 12 ವರ್ಷ ಇದೆ. ಅದಕ್ಕೇ ಅದನ್ನು ಎಲ್ಲರೂ ಮರೆಯುವುದು.

4. ಯಾವುದನ್ನು ನೀವೇ ಮುಗಿಸಬೇಕು

ವಾದ ಕೇಳುವ ಹಂತಕ್ಕೆ ಬಂದ ಕೇಸುಗಳನ್ನು ನೀವೇ ಮುಗಿಸಿ. ಸಾಕ್ಷಿಯನ್ನು ಪಾಟಿ ಸವಾಲಿನ ನಡುವೆ ಬಿಟ್ಟು ಹೋಗಬೇಡಿ. ಆ ಸಾಕ್ಷಿಗೆ ಯಾವ ಪ್ರಶ್ನೆ ಯಾಕೆ ಕೇಳಿದಿರಿ ಎನ್ನುವುದು ನಿಮ್ಮ ತಲೆಯಲ್ಲಿದೆ, ಫೈಲಿನಲ್ಲಿಲ್ಲ. ರಾಜಿಗೆ ಹತ್ತಿರ ಇರುವ ಪಾಲುದಾವೆ, ಜೀವನಾಂಶದ ಕೇಸುಗಳನ್ನು ಮುಂದಿನ ಲೋಕ ಅದಾಲತ್ತಿಗೆ ಇಡಿಸಿ. ಅಲ್ಲಿ ಇತ್ಯರ್ಥವಾದರೆ ಕಟ್ಟಿದ ಕೋರ್ಟ್ ಫೀ ವಾಪಸು ಬರುತ್ತದೆ. ಕಕ್ಷಿದಾರರಿಗೆ ಹೊಸ ವಕೀಲರ ಖರ್ಚೂ ಉಳಿಯುತ್ತದೆ.

ಆರೋಪಿ ಜೈಲಿನಲ್ಲಿರುವ ಕ್ರಿಮಿನಲ್ ಕೇಸನ್ನು, ಬೇರೆ ವಕೀಲರು ವಕಾಲತ್ತು ಹಾಕಿದ್ದು ಕಣ್ಣಾರೆ ಕಾಣುವವರೆಗೆ ಬಿಡಬಾರದು. ಬೇರೆ ವಕೀಲರಿಗೆ ಕೊಡಲು ದುಡ್ಡಿಲ್ಲದವರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಕರೆದುಕೊಂಡು ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ಅಂಗವಿಕಲರು ಇವರಿಗೆಲ್ಲ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. 'ಅಲ್ಲಿಗೆ ಹೋಗಿ' ಎಂದು ಹೇಳಿ ಕಳಿಸಿದರೆ ಅರ್ಧ ಜನ ಹೋಗುವುದಿಲ್ಲ. ಗುಮಾಸ್ತರನ್ನಾದರೂ ಜೊತೆಗೆ ಕಳಿಸಿ.

5. ಕಕ್ಷಿದಾರರಿಗೆ ಪತ್ರ

ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ ಸ್ಪಷ್ಟವಾಗಿದೆ. ಒಪ್ಪಿಕೊಂಡ ಕೇಸಿನಿಂದ ಸಾಕಷ್ಟು ಕಾರಣವಿಲ್ಲದೆ, ಸಾಕಷ್ಟು ಮುಂಚೆ ತಿಳಿಸದೆ ಹಿಂದೆ ಸರಿಯುವಂತಿಲ್ಲ. ಸರಿದರೆ, ಮಾಡದ ಕೆಲಸಕ್ಕೆ ಪಡೆದ ಫೀಸು ಹಿಂದಿರುಗಿಸಬೇಕು. ಹಾಗಾಗಿ ಪತ್ರ ಬರೆಯಲೇಬೇಕು. ಫೋನ್ ಮಾಡಿದ್ದೆ, ವಾಟ್ಸಾಪ್ ಹಾಕಿದ್ದೆ ಎಂದರೆ ನಾಳೆ ಜಡ್ಜ್ ಕೇಳಿದಾಗ ತೋರಿಸಲು ಕಾಗದ ಇರುವುದಿಲ್ಲ.

ಪತ್ರ ಕನ್ನಡದಲ್ಲಿರಲಿ. ಕಕ್ಷಿದಾರರ ಮನೆಯಲ್ಲಿ ಅದನ್ನು ಓದಿ ಹೇಳುವವಳು ಎಂಟನೇ ಕ್ಲಾಸಿನ ಮೊಮ್ಮಗಳು ಎಂದು ಭಾವಿಸಿ ಬರೆಯಿರಿ. ಹೀಗೆ:

'ನಮಸ್ಕಾರ. ನಾನು ಬರುವ ಏಪ್ರಿಲ್ ಕೊನೆಗೆ ವಕೀಲಿ ಕೆಲಸ ನಿಲ್ಲಿಸುತ್ತಿದ್ದೇನೆ. ನಿಮ್ಮ ಕೇಸು ಇಂಥ ಕೋರ್ಟಿನಲ್ಲಿದೆ, ಅದರ ನಂಬರ್ ಇಷ್ಟು. ಈಗ ನಿಮ್ಮ ಕಡೆಯ ಸಾಕ್ಷಿ ಹೇಳುವ ಹಂತದಲ್ಲಿದೆ. ಮುಂದಿನ ತಾರೀಖು ಇಂಥದ್ದು. ಆ ದಿನಕ್ಕೆ ಮೊದಲು ನೀವು ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳಬೇಕು. ಯಾರನ್ನು ಬೇಕಾದರೂ ಆರಿಸಿಕೊಳ್ಳಬಹುದು, ಅದು ನಿಮ್ಮ ಇಷ್ಟ. ಅವರ ವಕಾಲತ್ತಿಗೆ ನಾನು ಒಪ್ಪಿಗೆ ಸಹಿ ಮಾಡಿಕೊಡುತ್ತೇನೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ನಿಮ್ಮ ಕೆಳಗಿನ ಮೂಲ ಕಾಗದಗಳು ನನ್ನ ಹತ್ತಿರ ಇವೆ. ಇಂಥ ದಿನದಿಂದ ಇಂಥ ದಿನದವರೆಗೆ ಬೆಳಿಗ್ಗೆ ಕಚೇರಿಗೆ ಬಂದು ಸಹಿ ಹಾಕಿ ತೆಗೆದುಕೊಂಡು ಹೋಗಿ. ನೀವು ಬೇರೆ ವಕೀಲರನ್ನು ಇಡದಿದ್ದರೆ ಕೋರ್ಟು ನೀವಿಲ್ಲದೆಯೇ ಕೇಸು ತೀರ್ಮಾನ ಮಾಡಬಹುದು.'

ಕೊನೆಯ ವಾಕ್ಯ ಬಿಡಬೇಡಿ. ಹೆದರಿಸಿದಂತೆ ಕಾಣುತ್ತದೆ ಎಂದು ಕೆಲವರು ತೆಗೆಯುತ್ತಾರೆ. ಪತ್ರದಲ್ಲಿ ಅದೇ ಮುಖ್ಯ.

ಪತ್ರವನ್ನು ಯಾರಿಗೆ ತಲುಪಿತು ಎನ್ನುವ ದಾಖಲೆ ಸಿಗುವ ಹಾಗೆ ಅಂಚೆಯಲ್ಲಿ ಕಳಿಸಿ. ಹಳೆಯ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು, ಆದ್ದರಿಂದ ಕೌಂಟರಿನಲ್ಲಿ ನೋಂದಣಿಯ ಜೊತೆಗೆ ತಲುಪಿಸಿದ ಪುರಾವೆಯೂ ಬೇಕು ಎಂದು ಕೇಳಿ ಪಡೆಯಿರಿ. ಅದೇ ಪತ್ರದ ಫೋಟೋ ವಾಟ್ಸಾಪ್‌ಗೂ ಹೋಗಲಿ. 'ಮನೆ ಬಾಗಿಲು ಹಾಕಿದೆ' ಎಂದು ವಾಪಸು ಬಂದ ಲಕೋಟೆಯನ್ನು ಒಡೆಯದೆ ಹಾಗೇ ಇಡಿ, ಮುಂದಿನ ಹಂತದಲ್ಲಿ ಬೇಕು. ಕೇಸು ಅಣ್ಣತಮ್ಮಂದಿರದಾಗಿದ್ದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಪತ್ರ. ದೊಡ್ಡಣ್ಣನಿಗೆ ಹೇಳಿದೆ ಅಂದರೆ ಸಾಲದು. ಅಷ್ಟರಲ್ಲಿ ಅವರವರೇ ಮಾತು ಬಿಟ್ಟಿರುತ್ತಾರೆ.

6. ಎನ್‌ಒಸಿ ಅಥವಾ ರಿಟೈರ್‌ಮೆಂಟ್ ಮೆಮೊ

ಕೇಸಿನಿಂದ ಹೊರಬರಲು ಎರಡು ದಾರಿ. ಮೊದಲನೆಯದೇ ಒಳ್ಳೆಯದು.

ಕಕ್ಷಿದಾರರು ಹೊಸ ವಕೀಲರನ್ನು ಗೊತ್ತುಮಾಡುತ್ತಾರೆ. ಅವರ ಹೊಸ ವಕಾಲತ್ತಿನ ಮೇಲೆ ನೀವು 'ಅಭ್ಯಂತರವಿಲ್ಲ' ಎಂದು ಬರೆದು ತಾರೀಖಿನೊಂದಿಗೆ ಸಹಿ ಹಾಕುತ್ತೀರಿ. ಇದೇ ಎನ್‌ಒಸಿ. ಅವರು ಅದನ್ನು ಕೋರ್ಟಿಗೆ ಹಾಕುತ್ತಾರೆ. ಬಾರ್ ಕೌನ್ಸಿಲ್ ನಿಯಮ 39ರ ಪ್ರಕಾರ ಮೊದಲೇ ವಕಾಲತ್ತು ಇರುವ ಕೇಸಿಗೆ ಇನ್ನೊಬ್ಬರು ಬರಬೇಕಾದರೆ ಮೊದಲಿನವರ ಒಪ್ಪಿಗೆ ಬೇಕು, ಇಲ್ಲವೇ ಕೋರ್ಟಿನ ಅನುಮತಿ ಬೇಕು. ಕೇಸು ಒಂದು ದಿನವೂ ದಿಕ್ಕಿಲ್ಲದೆ ಉಳಿಯುವುದಿಲ್ಲ. ಹೆಸರು ತುಂಬದ ಖಾಲಿ ವಕಾಲತ್ತುಗಳ ಮೇಲೆ ಮಾತ್ರ ಎನ್‌ಒಸಿ ಸಹಿ ಮಾಡಿ ಗುಮಾಸ್ತರ ಕೈಗೆ ಕೊಡಬೇಡಿ. ಅವು ಎಲ್ಲಿಗೆ ಹೋಗುತ್ತವೆ ಎಂದು ಹೇಳಲಾಗದು.

ಕಕ್ಷಿದಾರರು ಬರಲೇ ಇಲ್ಲ, ಪತ್ರಕ್ಕೆ ಉತ್ತರವೇ ಇಲ್ಲ ಎಂದಾಗ ಎರಡನೆಯ ದಾರಿ, ರಿಟೈರ್‌ಮೆಂಟ್ ಮೆಮೊ, ಅಂದರೆ ಕೇಸಿನಿಂದ ಬಿಡುಗಡೆ ಕೋರಿ ಕೋರ್ಟಿಗೆ ಕೊಡುವ ಅರ್ಜಿ. ಅದರ ಜೊತೆ ಪತ್ರದ ಪ್ರತಿ, ಅಂಚೆ ರಸೀದಿ, ತಲುಪಿದ ಪುರಾವೆ ಅಥವಾ ವಾಪಸು ಬಂದ ಲಕೋಟೆ ಇಡಿ. ಮೂಲ ದಾಖಲೆ ಯಾರ ಹತ್ತಿರ ಇದೆ ಎಂದು ಮೆಮೊದಲ್ಲೇ ಬರೆಯಿರಿ. ಕೇಸು ಸಾಕ್ಷಿಗೋ ವಾದಕ್ಕೋ ಇಟ್ಟ ದಿನದಂದೇ ಮೆಮೊ ಹಾಕುವವರಿದ್ದಾರೆ. ಅದು ಕಕ್ಷಿದಾರರಿಗೆ ಮಾಡುವ ಅನ್ಯಾಯ. ಕೋರ್ಟಿಗೂ ಸಿಟ್ಟು ಬರುತ್ತದೆ, ನ್ಯಾಯವಾಗಿಯೇ. ಒಂದು ತಾರೀಖು ಮುಂಚೆ ಹಾಕಿ. ಜಡ್ಜ್ ಕಕ್ಷಿದಾರರಿಗೆ ಕೋರ್ಟ್ ನೋಟಿಸು ಹೊರಡಿಸಬಹುದು. ಅನುಮತಿ ಸಿಗುವವರೆಗೆ ಹಾಜರಿ ಹಾಕುವುದು ನಿಮ್ಮ ಕೆಲಸ.

ಮೆಮೊ ಕೊಟ್ಟು ಬಂದ ಮೇಲೆ ಆರ್ಡರ್ ಶೀಟ್ ನೋಡಿ. ಅನುಮತಿ ಕೊಟ್ಟದ್ದು ಅಲ್ಲಿ ದಾಖಲಾಗಿದೆಯೇ? ಈ-ಕೋರ್ಟ್ಸ್‌ನಲ್ಲಿ ನಿಮ್ಮ ಹೆಸರು ತೆಗೆದಿದ್ದಾರೆಯೇ? ಇಲ್ಲದಿದ್ದರೆ ಕೇಸ್ ಶಾಖೆಯವರಿಗೆ ಹೇಳಿ ಸರಿಪಡಿಸಿ. ನಮ್ಮ ಕಡೆ ಒಂದೇ ವಕಾಲತ್ತಿನಲ್ಲಿ ಸೀನಿಯರ್ ಜೊತೆ ಇಬ್ಬರು ಮೂವರು ಜೂನಿಯರ್‌ಗಳ ಹೆಸರು ಇರುವುದು ಮಾಮೂಲು. ಹಾಗಿದ್ದಾಗ ನಾನೊಬ್ಬನೇ ನಿವೃತ್ತನಾಗುತ್ತಿದ್ದೇನೆ, ಉಳಿದವರು ಮುಂದುವರಿಯುತ್ತಾರೆ ಎಂದು ಮೆಮೊದಲ್ಲಿ ಬರೆಯಿರಿ. ವರ್ಷಗಳ ಹಿಂದೆಯೇ ಕಚೇರಿ ಬಿಟ್ಟು ಹೋದ ಜೂನಿಯರ್‌ಗಳ ಹೆಸರೂ ಹಳೆಯ ವಕಾಲತ್ತುಗಳಲ್ಲಿ ಉಳಿದಿರುತ್ತವೆ. ಅವರನ್ನೂ ಕೇಳಿ ಬಿಡಿಸಿಬಿಡಿ.

ಫೀಸು ಬಾಕಿ ಇದೆ ಎಂದು ಎನ್‌ಒಸಿ ತಡೆಹಿಡಿಯುವ ಅಭ್ಯಾಸದ ಬಗ್ಗೆ ಒಂದು ಮಾತು. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ: ಫೀಸು ಬಾಕಿಗಾಗಿ ಕಕ್ಷಿದಾರರ ಫೈಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಹಾಗೆ ಮಾಡಿದರೆ ಅದು ವೃತ್ತಿ ದುರ್ನಡತೆ. ಬಾಕಿ ಬೇಕಿದ್ದರೆ ನೋಟಿಸು ಕೊಡಿ, ಮೂರು ವರ್ಷದೊಳಗೆ ದಾವೆ ಹಾಕಿ. ನಿವೃತ್ತಿಯ ವರ್ಷದಲ್ಲಿ ಯಾರು ಹಾಕುತ್ತಾರೆ, ಅದು ಬೇರೆ ಮಾತು.

7. ಕಪಾಟು ಖಾಲಿ ಮಾಡುವುದು

ಅತಿ ಹೆಚ್ಚು ಸಮಯ ತಿನ್ನುವ ಕೆಲಸ ಇದು. ಯಾರೂ ಸರಿಯಾಗಿ ಮಾಡದ ಕೆಲಸವೂ ಇದೇ. ಪ್ರತಿ ಕಟ್ಟು ಬಿಚ್ಚಿ ಮೂರು ಗುಂಪು ಮಾಡಿ: ಕಕ್ಷಿದಾರರ ಮೂಲ ಕಾಗದಗಳು, ಕೇಸಿನ ಫೈಲು, ನಿಮ್ಮ ಸ್ವಂತ ಟಿಪ್ಪಣಿ ಮತ್ತು ಲೆಕ್ಕ.

ಮೂಲ ಕಾಗದಗಳಲ್ಲಿ ಕ್ರಯಪತ್ರ, ವಿಭಾಗ ಪತ್ರ, ಹಳೆಯ ಕೈಬರಹದ ಪಹಣಿ, ಬೌನ್ಸ್ ಆದ ಚೆಕ್ಕು, ಪ್ರಾಮಿಸರಿ ನೋಟು, ಮದುವೆ ಫೋಟೋ ಎಲ್ಲ ಇರುತ್ತವೆ. ಇವುಗಳನ್ನು ವಿವರವಾಗಿ ಪಟ್ಟಿ ಮಾಡಿ. 'ಒಂದು ಕಟ್ಟು ದಾಖಲೆ' ಎಂದು ಬರೆದು ಸಹಿ ತೆಗೆದುಕೊಂಡರೆ ಆ ಸಹಿಗೆ ಬೆಲೆಯಿಲ್ಲ. ಕ್ರಯಪತ್ರವಾದರೆ ನೋಂದಣಿ ಸಂಖ್ಯೆ, ತಾರೀಖು, ಎಷ್ಟು ಪುಟ ಬರೆಯಿರಿ. ಎರಡು ಪ್ರತಿ ಮಾಡಿ, ಒಂದು ಅವರಿಗೆ, ಸಹಿ ಹಾಕಿದ್ದು ನಿಮಗೆ. ಕೊಡುವ ಮೊದಲು ಫೋನಿನಲ್ಲಾದರೂ ಸ್ಕ್ಯಾನ್ ಮಾಡಿ. ಕಾಗದ ಕೊಟ್ಟವರು ಅಪ್ಪ, ಈಗ ಬಂದಿರುವವರು ಮೂವರು ಮಕ್ಕಳಲ್ಲಿ ಒಬ್ಬ ಎಂದಾದರೆ ಸುಮ್ನೆ ಕೊಟ್ಟು ಕಳಿಸಬೇಡಿ. ಮೂವರನ್ನೂ ಕರೆಸಿ, ಅಥವಾ ಉಳಿದಿಬ್ಬರಿಂದ ಒಪ್ಪಿಗೆ ಬರೆಸಿಕೊಳ್ಳಿ.

ಕೋರ್ಟಿನಲ್ಲಿ ಗುರುತು ಮಾಡಿದ ನಿಶಾನೆ ದಾಖಲೆಗಳು ಇನ್ನೂ ಅಲ್ಲೇ ಇರಬಹುದು. ಕೇಸು ಮುಗಿದು, ಅಪೀಲಿನ ಅವಧಿ ಕಳೆದಿದ್ದರೆ ಅವುಗಳನ್ನು ವಾಪಸು ಪಡೆಯಲು ಅರ್ಜಿ ಹಾಕಿಕೊಡಿ. ಇದನ್ನು ಕಕ್ಷಿದಾರರು ತಾವಾಗಿ ಮಾಡಿಕೊಳ್ಳುವುದು ಕಷ್ಟ.

ಉಯಿಲುಗಳಿಗೆ ಹೆಚ್ಚಿನ ಜಾಗ್ರತೆ ಬೇಕು. 'ನಿಮ್ಮ ಹತ್ತಿರ ಇರಲಿ ಸಾರ್, ಮಕ್ಕಳಿಗೆ ಗೊತ್ತಾಗುವುದು ಬೇಡ' ಎಂದು ಕೊಟ್ಟುಹೋದ ಮುಚ್ಚಿದ ಲಕೋಟೆಗಳು ಹಳೆಯ ಕಚೇರಿಗಳಲ್ಲಿ ಇರುತ್ತವೆ. ಬರೆದವರು ಬದುಕಿದ್ದರೆ ಅವರ ಕೈಗೇ ಕೊಡಿ, ಮನೆಯ ಬೇರೆಯವರಿಗಲ್ಲ. ಅವರಿಗೆ ಮನೆಯಲ್ಲಿಡಲು ಭಯವಿದ್ದರೆ, ನೋಂದಣಿ ಕಾಯ್ದೆಯ ಸೆಕ್ಷನ್ 42ರಡಿ ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು ಎಂದು ತಿಳಿಸಿ.

ಕೊನೆಗೆ, ಹೇಳಲು ಮುಜುಗರವಾದರೂ ಎಲ್ಲ ಕಚೇರಿಯಲ್ಲೂ ಇರುವ ವಸ್ತು: ಕಕ್ಷಿದಾರರು ಸಹಿ ಮಾಡಿ ಕೊಟ್ಟ ಖಾಲಿ ವಕಾಲತ್ತು, ಖಾಲಿ ಹಾಳೆ, ಖಾಲಿ ಛಾಪಾ ಕಾಗದ. ದೂರದ ಊರಿನವರು ಮತ್ತೆ ಮತ್ತೆ ಬರುವುದು ಬೇಡ ಎಂದು ತೆಗೆದಿಟ್ಟದ್ದಿರಬಹುದು. ಸಾಧ್ಯವಾದರೆ ಅವರ ಎದುರೇ ಹರಿಯಿರಿ. ಬೀರುವಿನಲ್ಲಿ ಮಾತ್ರ ಉಳಿಸಬೇಡಿ.

8. ದುಡ್ಡಿನ ಲೆಕ್ಕ

ಫೀಸು ಬೇರೆ, ಖರ್ಚಿಗೆ ಕೊಟ್ಟ ಹಣ ಬೇರೆ. ಬಾರ್ ಕೌನ್ಸಿಲ್ ನಿಯಮಗಳು ಎರಡಕ್ಕೂ ಪ್ರತ್ಯೇಕ ಲೆಕ್ಕ ಇಡಲು ಹೇಳುತ್ತವೆ, ಕಕ್ಷಿದಾರರು ಕೇಳಿದರೆ ಅದರ ಪ್ರತಿ ಕೊಡಬೇಕು. ಕೋರ್ಟ್ ಫೀ, ಪೇಪರ್ ಪ್ರಕಟಣೆ, ಕಮಿಷನರ್ ಫೀಸು ಎಂದು ಪಡೆದು ಖರ್ಚಾಗದೆ ಉಳಿದದ್ದು ಅವರ ಹಣ. ಕೋರ್ಟಿನಿಂದ ನಿಮ್ಮ ಮೂಲಕ ಬರಬೇಕಾದ ಠೇವಣಿ, ಪರಿಹಾರ, ಕೋರ್ಟ್ ಫೀ ಮರುಪಾವತಿ ಬಾಕಿ ಇದ್ದರೆ ಅದನ್ನು ಕಕ್ಷಿದಾರರ ಬ್ಯಾಂಕ್ ಖಾತೆಗೆ ನೇರ ಹೋಗುವಂತೆ ಅರ್ಜಿ ಹಾಕಿ.

ಇಡೀ ಕೇಸಿಗೆ ಇಷ್ಟು ಎಂದು ಮೊತ್ತ ಮಾತಾಡಿಕೊಂಡಿದ್ದರೆ ಎಷ್ಟು ವಾಪಸು ಕೊಡಬೇಕು? ನಿಯಮದಲ್ಲಿ ಸೂತ್ರವಿಲ್ಲ. ಕೇಸು ಯಾವ ಹಂತದಲ್ಲಿದೆ ಎಂದು ನೋಡಿ ಲೆಕ್ಕ ಹಾಕುವುದು ನ್ಯಾಯ. ದಾವಾಪತ್ರ, ತಡೆಯಾಜ್ಞೆ ಅರ್ಜಿ ಆಗಿ ಸಾಕ್ಷಿ ಶುರುವಾಗಿಲ್ಲ ಎಂದರೆ ಅರ್ಧವಾದರೂ ಹಿಂದಕ್ಕೆ ಕೊಡಿ. ಹೊಸ ವಕೀಲರಿಗೆ ಅವರು ಮತ್ತೆ ಕಟ್ಟಬೇಕು. ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಮಾತಾಡಿಕೊಂಡದ್ದು ಇದ್ದರೆ ಅದನ್ನು ಮರೆತುಬಿಡಿ. ನಿಯಮ 20 ಅಂಥ ಒಪ್ಪಂದವನ್ನೇ ಬೇಡ ಅನ್ನುತ್ತದೆ. ಅದನ್ನು ಹೊಸ ವಕೀಲರಿಗೆ 'ವರ್ಗಾಯಿಸುವ' ಮಾತು ಇನ್ನೂ ಕೆಟ್ಟದ್ದು.

ತೆರಿಗೆ ವಿಷಯ ಆಡಿಟರಿಗೆ ಬಿಡಿ. ಎರಡು ನೆನಪಿರಲಿ. ಕಚೇರಿ ಮುಚ್ಚಿದ ಮೇಲೆ ಬಂದ ಹಳೆಯ ಫೀಸೂ ಆದಾಯವೇ. ವೃತ್ತಿ ತೆರಿಗೆಯ ನೋಂದಣಿ ರದ್ದು ಮಾಡಿಸದಿದ್ದರೆ ಬಾಕಿ ಬೆಳೆಯುತ್ತಾ ಹೋಗಬಹುದು.

9. ಮುಗಿದ ಕೇಸುಗಳ ಫೈಲು

ರದ್ದಿಗೆ ಹಾಕಬೇಡಿ. ಸಂತೆಯಲ್ಲಿ ಬೋಂಡ ಕಟ್ಟಿಕೊಟ್ಟ ಕಾಗದದಲ್ಲಿ ಯಾರದೋ ವಿಚ್ಛೇದನದ ಅರ್ಜಿ ಕಾಣಿಸುವುದು ಬೇಡ. ಕಕ್ಷಿದಾರರು ನಂಬಿ ಹೇಳಿದ ಮಾತನ್ನು ಕಾಪಾಡುವ ಹೊಣೆ ಕೆಲಸ ಮುಗಿದ ಮೇಲೂ ಮುಂದುವರಿಯುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಸೆಕ್ಷನ್ 126ರಲ್ಲಿದ್ದ ಈ ಮಾತು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 132ರಲ್ಲಿದೆ.

ನಾನು ಅನುಸರಿಸುವ ಲೆಕ್ಕ ಹೀಗೆ. ಡಿಕ್ರಿ ಆಗಿ ಜಾರಿ ಆಗದ ಫೈಲುಗಳನ್ನು ಕಕ್ಷಿದಾರರಿಗೇ ಕೊಡಬೇಕು, ಯಾಕೆಂದರೆ 12 ವರ್ಷ ಅವರಿಗೆ ಬೇಕಾಗಬಹುದು. ಪಾಲುದಾವೆ, ಅಪ್ರಾಪ್ತರ ಆಸ್ತಿ ವಿಚಾರದ ಫೈಲುಗಳನ್ನೂ ನಾಶ ಮಾಡಬಾರದು. ಸಣ್ಣಪುಟ್ಟ ದಂಡದ ಕೇಸು, ಮುಗಿದ ಹಣದ ದಾವೆಗಳನ್ನು ಏಳೆಂಟು ವರ್ಷ ಇಟ್ಟು ಆಮೇಲೆ ಚೂರು ಮಾಡಿಸಬಹುದು. ವಕೀಲರ ಸೇವೆ ಗ್ರಾಹಕ ಕಾಯ್ದೆಯ ಕೆಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿತು, ನಿಜ. ಆದರೆ ಬಾರ್ ಕೌನ್ಸಿಲ್ ಮುಂದೆ ದೂರು ಕೊಡುವ ದಾರಿ ತೆರೆದೇ ಇದೆ. ಅಂಥ ದೂರು ಬಂದರೆ ಉತ್ತರ ಕೊಡಲು ನಿಮ್ಮ ಫೈಲೇ ಆಧಾರ. ಕಂಪ್ಯೂಟರ್ ಮಾರುವ ಮೊದಲು ಹಾರ್ಡ್‌ಡಿಸ್ಕ್ ತೆಗೆದಿಟ್ಟುಕೊಳ್ಳಿ.

10. ಜೂನಿಯರ್, ಗುಮಾಸ್ತ, ಕಚೇರಿ

ಜೂನಿಯರ್‌ಗೆ ಎಲ್ಲ ಫೈಲು ಒಟ್ಟಿಗೆ ಬಿಟ್ಟುಹೋಗುವುದು ವಾಡಿಕೆ. ತಪ್ಪೇನಿಲ್ಲ. ಆದರೆ ಕೇಸು ಕಕ್ಷಿದಾರರದು, ಅವರ ಒಪ್ಪಿಗೆ ಇಲ್ಲದೆ ಅದನ್ನು ಕೊಡಲು ಬರುವುದಿಲ್ಲ. ಜೂನಿಯರ್ ಹೆಸರು ಸೂಚಿಸಿ, ಒತ್ತಾಯ ಮಾಡಬೇಡಿ. ಮಗನೋ ಸೊಸೆಯೋ ವಕೀಲರಾಗಿದ್ದರೂ ಇದೇ ಮಾತು. ವಕೀಲರಲ್ಲದ ಯಾರ ಜೊತೆಗೂ ಫೀಸು ಹಂಚಿಕೊಳ್ಳುವ ವ್ಯವಸ್ಥೆ ಮಾಡಿಕೊಳ್ಳುವಂತಿಲ್ಲ. 'ಗುಮಾಸ್ತರೇ ಕಚೇರಿ ನೋಡಿಕೊಳ್ಳುತ್ತಾರೆ' ಎನ್ನುವುದು ಅದಕ್ಕೇ ಸಲ್ಲದು.

ಗುಮಾಸ್ತರಿಗೆ ಎಲ್ಲರಿಗಿಂತ ಮೊದಲು ಹೇಳಿ. ಮೂವತ್ತು ವರ್ಷ ನಿಮ್ಮ ಡೈರಿ ಬರೆದವರು ಸುದ್ದಿಯನ್ನು ಬಾರ್ ಕ್ಯಾಂಟೀನಿನಲ್ಲಿ ಕೇಳಬಾರದು. ಬೇರೆ ಕಚೇರಿಯಲ್ಲಿ ಜಾಗ ನೋಡಿಕೊಡಿ, ಕೈಯಲ್ಲೊಂದು ಮೊತ್ತ ಇಡಿ. ಪುಸ್ತಕಗಳನ್ನು ಬಾರ್ ಅಸೋಸಿಯೇಷನ್ ಲೈಬ್ರರಿಗೋ ಹತ್ತಿರದ ಕಾನೂನು ಕಾಲೇಜಿಗೋ ಕೊಡಬಹುದು, ಮೊದಲು ಅವರಿಗೆ ಬೇಕೇ ಎಂದು ಕೇಳಿ. ಹಳೆಯ ವರದಿಗಳ ಸೆಟ್ಟು ಈಗ ಎಲ್ಲರಿಗೂ ಫೋನಿನಲ್ಲೇ ಸಿಗುತ್ತದೆ, ಇಡಲು ಜಾಗವಿಲ್ಲ ಅನ್ನುತ್ತಾರೆ. ಮಾಲೀಕರಿಂದ ಅಡ್ವಾನ್ಸ್ ವಾಪಸು ಪಡೆಯುವುದು ಹೇಗೆಂದು ವಕೀಲರಿಗೆ ನಾನು ಹೇಳಬೇಕಿಲ್ಲ.

11. ಸನ್ನದು ಎಲ್ಲಕ್ಕಿಂತ ಕೊನೆಗೆ

ವೃತ್ತಿಯನ್ನು ಸ್ವಇಚ್ಛೆಯಿಂದ ಅಮಾನತಿನಲ್ಲಿಡುವವರು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ (ರಾಜ್ಯದ ಬಾರ್ ಕೌನ್ಸಿಲ್‌ಗೆ) ನೋಂದಾಯಿತ ಅಂಚೆಯಲ್ಲಿ ತಿಳಿಸಿ, ಮೂಲ ಸನ್ನದನ್ನು (ವಕೀಲರ ನೋಂದಣಿ ಪ್ರಮಾಣಪತ್ರವನ್ನು) ಜೊತೆಗೆ ಕಳಿಸಬೇಕು. ಮತ್ತೆ ಶುರುಮಾಡಬೇಕೆಂದರೆ ಅಫಿಡವಿಟ್ ಸಮೇತ ಅರ್ಜಿ ಹಾಕಬಹುದು. ಪೂರ್ತಿ ಬಿಡುವವರು ವಕೀಲರ ಕಾಯ್ದೆಯ ಸೆಕ್ಷನ್ 26ಎ ಪ್ರಕಾರ ಪಟ್ಟಿಯಿಂದ ಹೆಸರು ತೆಗೆಯಲು ಕೋರಬಹುದು. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರುವವರಿಗೆ ಆಯ್ಕೆಯಿಲ್ಲ, ತಿಳಿಸಿ ನಿಲ್ಲಿಸಲೇಬೇಕು.

ಕಳಿಸುವ ಮೊದಲು ಎರಡು ಕೆಲಸ. ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆ, 1983ರಡಿ ನೀವು ಸದಸ್ಯರಾಗಿದ್ದರೆ ವೃತ್ತಿ ನಿಲ್ಲಿಸಿದಾಗ ಹಣ ಬರುತ್ತದೆ. ಚಂದಾ ಬಾಕಿ ಇದೆಯೇ, ಯಾವ ಅರ್ಜಿ, ಯಾವ ದಾಖಲೆ ಎಂದು ಪರಿಷತ್ತಿನ ಕಚೇರಿಯಲ್ಲಿ ವಿಚಾರಿಸಿ. ಜೀವನವಿಡೀ ವಕಾಲತ್ತಿನ ಮೇಲೆ ಕಲ್ಯಾಣ ನಿಧಿ ಸ್ಟ್ಯಾಂಪ್ ಅಂಟಿಸಿ, ತಮ್ಮ ಹಣ ಕೇಳದೆ ಹೋದವರಿದ್ದಾರೆ. ಎರಡನೆಯದು, ನೋಟರಿ ಆಗಿದ್ದರೆ ಅದಕ್ಕೆ ಬೇರೆಯದೇ ರಾಜೀನಾಮೆ ಇದೆ. ನೇಮಿಸಿದ ಸರ್ಕಾರಕ್ಕೆ ಬರೆದು, ಮೊಹರು ಮತ್ತು ರಿಜಿಸ್ಟರ್ ಎಲ್ಲಿ ಒಪ್ಪಿಸಬೇಕೆಂದು ಅವರಿಂದಲೇ ಲಿಖಿತವಾಗಿ ತಿಳಿದುಕೊಳ್ಳಿ. ಮೊಹರು ಮನೆಯ ಡ್ರಾಯರ್‌ನಲ್ಲಿ ಉಳಿಯಬಾರದು.

ಸನ್ನದು ಕಳಿಸಿದ ಮೇಲೆ 'ಒಂದೇ ಒಂದು ತಾರೀಖಿಗೆ' ಎಂದು ಕೋಟು ಹಾಕಿಕೊಂಡು ಹೋಗುವಂತಿಲ್ಲ. ಹಕ್ಕಿಲ್ಲದೆ ವಕೀಲಿ ಮಾಡುವುದಕ್ಕೆ ಆರು ತಿಂಗಳವರೆಗೆ ಶಿಕ್ಷೆ ಇದೆ. ಅದಕ್ಕೇ ಇದನ್ನು ಕೊನೆಗೆ ಇಟ್ಟದ್ದು. ಪಟ್ಟಿಯ ಕೊನೆಯ ವಕಾಲತ್ತು ಮುಗಿಯುವವರೆಗೆ ಸನ್ನದು ನಿಮ್ಮ ಹತ್ತಿರವೇ ಇರಲಿ.

12. ಅಷ್ಟು ಸಮಯವೇ ಸಿಗದಿದ್ದರೆ

ಹೃದಯಾಘಾತ ಒಂದು ವರ್ಷದ ನೋಟಿಸು ಕೊಟ್ಟು ಬರುವುದಿಲ್ಲ. ಒಬ್ಬರೇ ನಡೆಸುವ ಕಚೇರಿಯವರು ಇವತ್ತೇ ಇನ್ನೊಬ್ಬ ವಕೀಲರ ಜೊತೆ ಮಾತಾಡಿಕೊಳ್ಳಿ: ನಿನಗೇನಾದರೂ ಆದರೆ ನಾನು, ನನಗಾದರೆ ನೀನು. ಕೇಸುಗಳ ಪಟ್ಟಿ, ಕಪಾಟಿನ ಬೀಗದ ಕೈ, ಈ-ಫೈಲಿಂಗ್ ಖಾತೆಗೆ ಜೋಡಿಸಿದ ಫೋನ್ ಯಾವುದು ಎಂಬ ವಿವರ ಅವರಿಗೆ ಸಿಗುವಂತಿರಲಿ. ಮನೆಯವರಿಗೂ ಆ ವಕೀಲರ ಹೆಸರು ಗೊತ್ತಿರಲಿ.

ಈ ಲೇಖನವನ್ನು ತೀರಿಕೊಂಡ ವಕೀಲರ ಹೆಂಡತಿಯೋ ಮಗನೋ ಓದುತ್ತಿದ್ದರೆ, ನಿಮಗೆ ಇಷ್ಟು. ಫೋನ್ ಸಿಮ್ ರದ್ದು ಮಾಡಿಸಬೇಡಿ, ಕೋರ್ಟಿನ ಮೆಸೇಜು ಮತ್ತು ಕಕ್ಷಿದಾರರ ಕರೆಗಳು ಅದಕ್ಕೇ ಬರುತ್ತವೆ. ಕಚೇರಿಗೆ ಬೀಗ ಹಾಕಿ, ಬಾಗಿಲಿಗೆ ಒಂದು ನಂಬರ್ ಬರೆದು ಅಂಟಿಸಿ. ಯಾರು ಎಷ್ಟೇ ಪರಿಚಯ ಹೇಳಿಕೊಂಡು ಬಂದರೂ ಫೈಲು ಕೊಡಬೇಡಿ. ಎದುರು ಪಕ್ಷದವರೂ ಬರಬಹುದು. ಬಾರ್ ಅಸೋಸಿಯೇಷನ್ ಅಧ್ಯಕ್ಷರಿಗೆ ಒಂದು ಪತ್ರ ಕೊಟ್ಟು, ಇಬ್ಬರು ವಕೀಲರನ್ನು ಕಳಿಸಿ ಪಟ್ಟಿ ಮಾಡಿಕೊಡಿ ಎಂದು ಕೇಳಿ. ಡೈರಿ ತೆಗೆದು ಮೊದಲ ಹದಿನೈದು ದಿನದ ತಾರೀಖುಗಳನ್ನು ಅವರಿಗೆ ತೋರಿಸಿ. ಆಯಾ ಕೋರ್ಟಿನಲ್ಲಿ ವಕೀಲರು ತೀರಿಕೊಂಡಿದ್ದಾರೆ ಎಂದು ಯಾರಾದರೂ ಎದ್ದುನಿಂತು ಹೇಳಿದರೆ, ಕಕ್ಷಿದಾರರಿಗೆ ನೋಟಿಸು ಕಳಿಸಲು ಜಡ್ಜ್ ಸಮಯ ಕೊಡುತ್ತಾರೆ. ಮರಣ ಪ್ರಮಾಣಪತ್ರ ಬಂದ ಮೇಲೆ ಕಲ್ಯಾಣ ನಿಧಿಗೆ ಅರ್ಜಿ ಹಾಕಿ. ಮೂಲ ಕಾಗದ ಕೇಳಿಕೊಂಡು ಬರುವವರಿಗೆ ಆಧಾರ್ ಪ್ರತಿ ಮತ್ತು ಸಹಿ ಪಡೆದು, ಒಬ್ಬ ವಕೀಲರ ಎದುರು ಮಾತ್ರ ಕೊಡಿ.